ಕಳ್ಳನಲ್ಲದವನೂ ಪರರ ನಂಬ

ಯಾರೋ ಕಳೆದುಕೊಂಡ ಪರ್ಸು ಇನ್ಯಾರದ್ದೋ ಕೈಗೆ ಸಿಗುತ್ತದೆ. ಅದರಲ್ಲಿ ದುಡ್ಡಿದ್ದರೆ ಅದು ವಾಪಸ್ ಬರುವ ಸಂಭವ ಜಾಸ್ತಿಯೋ, ದುಡ್ಡಿಲ್ಲದಿದ್ದರೆ ಜಾಸ್ತಿಯೋ? ಮುಂದೆ ಓದುವ ಮುಂಚೆ ನಿಮ್ಮ ಅಂದಾಜು ಏನು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಯಾಕಂದ್ರೆ ಇಲ್ಲಿ ಹೇಳಬೇಕಾಗಿರುವ ಮಾತೆಲ್ಲ ಆ ಅಂದಾಜಿನ ಸುತ್ತಲೇ ಇದೆ.

ಸಂಶೋಧಕರ ಒಂದು ತಂಡ ಇದನ್ನು ನಿಜವಾಗಿಯೇ ಮಾಡಿ ನೋಡಿತು. 40 ದೇಶ, 355 ಊರು, 17,303 ಪರ್ಸು. ತಂಡದವರೊಬ್ಬರು ಬ್ಯಾಂಕಿಗೋ, ಅಂಚೆ ಕಚೇರಿಗೋ, ಹೋಟೆಲಿಗೋ ಹೋಗುತ್ತಿದ್ದರು. ಇದು ರಸ್ತೆಯಲ್ಲಿ ಸಿಕ್ಕಿತು, ನನಗೆ ಅವಸರ ಇದೆ, ನೀವೇ ನೋಡಿಕೊಳ್ಳಿ ಎಂದು ಕೌಂಟರಿನಲ್ಲಿದ್ದವರ ಕೈಗೆ ಕೊಟ್ಟು ಹೊರಟುಬಿಡುತ್ತಿದ್ದರು. ಪರ್ಸಿನ ಹೊದಿಕೆ ಪಾರದರ್ಶಕ. ಒಳಗೇನಿದೆ ಅಂತ ತೆರೆಯದೆಯೇ ಕಾಣುತ್ತಿತ್ತು. ಒಂದು ಬೀಗದ ಕೈ, ಸಾಮಾನಿನ ಚೀಟಿ, ಹೆಸರು ಮತ್ತು ಇ-ಮೇಲ್ ಇರುವ ಕಾರ್ಡುಗಳು. ಕೆಲವು ಪರ್ಸುಗಳಲ್ಲಿ ದುಡ್ಡೇ ಇಲ್ಲ. ಉಳಿದವುಗಳಲ್ಲಿ 13 ಡಾಲರ್ ಚಿಲ್ಲರೆಗೆ ಸಮನಾದ, ಆಯಾ ದೇಶದ ಹಣ.

2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ದುಡ್ಡಿಲ್ಲದ ಪರ್ಸುಗಳ ಪೈಕಿ ಶೇ 40ರಷ್ಟರ ಬಗ್ಗೆ ಮಾಲೀಕರಿಗೆ ಇ-ಮೇಲ್ ಬಂದಿತ್ತು. ದುಡ್ಡಿದ್ದ ಪರ್ಸುಗಳಿಗೆ ಶೇ 51. ಹೀಗೂ ಉಂಟಾ ಅಂತ ಮೂರು ದೇಶಗಳಲ್ಲಿ ಹಣವನ್ನು 94 ಡಾಲರಿಗೆ ಏರಿಸಿ ನೋಡಿದರು. ಅಲ್ಲಿ ಶೇ 72ಕ್ಕೆ ಏರಿತು. ದುಡ್ಡು ಹೆಚ್ಚಾದಷ್ಟೂ ಪ್ರಾಮಾಣಿಕತೆ ಹೆಚ್ಚಾಯಿತು.

ನನಗೆ ಇದಕ್ಕಿಂತಲೂ ಕುತೂಹಲ ಹುಟ್ಟಿಸಿದ್ದು ಅದೇ ಸಂಶೋಧನೆಯ ಇನ್ನೊಂದು ಭಾಗ. ಫಲಿತಾಂಶ ಹೇಳದೆ, ಏನಾಗಬಹುದು ಅಂತ ಜನಸಾಮಾನ್ಯರನ್ನೂ ಕೇಳಿದ್ದರು. ಅವರು ಹೇಳಿದ್ದು ಪೂರ್ತಿ ಉಲ್ಟಾ: ದುಡ್ಡು ಜಾಸ್ತಿ ಇದ್ದರೆ ಪರ್ಸು ವಾಪಸ್ ಬರೋದು ಕಡಿಮೆ. ಇನ್ನೂರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರನ್ನೂ ಕೇಳಿದರು. ಅವರ ಅಂದಾಜೂ ಗುರಿ ಮುಟ್ಟಲಿಲ್ಲ.

ಹಾಗಾದರೆ ಕೌಂಟರಿನವರು ಯಾಕೆ ಹಾಗೆ ನಡೆದುಕೊಂಡರು? ಆ ಬೀಗದ ಕೈ ಸುಮ್ನೆ ಇಟ್ಟಿದ್ದಲ್ಲ. ಬೀಗದ ಕೈ ಮಾಲೀಕರಿಗೆ ಬಿಟ್ಟರೆ ಬೇರೆ ಯಾರಿಗೂ ಪ್ರಯೋಜನವಿಲ್ಲ. ಹಾಗಾಗಿ ಅದಿರುವ ಪರ್ಸುಗಳು ಅದಿಲ್ಲದ ಪರ್ಸುಗಳಿಗಿಂತ ಹೆಚ್ಚಾಗಿ ವಾಪಸ್ ಬಂದರೆ, ಕಳೆದುಕೊಂಡವರ ಕಷ್ಟ ಯಾರಿಗೋ ತಟ್ಟಿದೆ ಎಂದೇ ಅರ್ಥ. ಅವು ಹೆಚ್ಚಾಗಿಯೇ ಬಂದವು. ಆದರೆ ಇದೊಂದೇ ಕಾರಣವಲ್ಲ. ಖಾಲಿ ಪರ್ಸನ್ನು ಡ್ರಾಯರಿನಲ್ಲಿ ಹಾಕಿ ಮರೆತರೆ ಅದು ಮರೆವು. ದುಡ್ಡಿನ ಪರ್ಸನ್ನು ಹಾಗೆ ಮಾಡಿದರೆ ನಾನು ಕಳ್ಳ. ದುಡ್ಡು ಜಾಸ್ತಿಯಾದಷ್ಟೂ ಆ ಪದ ಹತ್ತಿರ ಬರುತ್ತದೆ. ಇನ್ನೊಬ್ಬರ ಮೇಲಿನ ಕಾಳಜಿ ಸ್ವಲ್ಪ, ನಾನು ಅಂಥವನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುವ ಆಸೆ ಸ್ವಲ್ಪ. ಎರಡೂ ಬೆರೆತಿವೆ.

‘ನೋಡಿದ್ರಾ, ಕೊನೆಗೆ ಅದೂ ಸ್ವಾರ್ಥವೇ’ ಎನ್ನುವವರು ಇಲ್ಲಿ ಕೈ ಎತ್ತುತ್ತಾರೆ. ಇದು ಹಳೆಯ ವಾದ. ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಥಾಮಸ್ ಹಾಬ್ಸ್ ಒಮ್ಮೆ ಒಬ್ಬ ಮುದುಕನಿಗೆ ಭಿಕ್ಷೆ ಹಾಕಿದನಂತೆ. ಪಕ್ಕದಲ್ಲಿದ್ದ ಪಾದ್ರಿ, ಧರ್ಮದ ಆಜ್ಞೆ ಇಲ್ಲದಿದ್ದರೂ ಕೊಡುತ್ತಿದ್ದೆಯಾ ಎಂದು ಕೇಳಿದ. ಕೊಡುತ್ತಿದ್ದೆ, ಈ ಮುದುಕನ ಕಷ್ಟ ನೋಡಿ ನನಗೇ ಸಂಕಟ ಆಗುತ್ತಿತ್ತು, ಕೊಟ್ಟ ಮೇಲೆ ಅವನಿಗೂ ಹಗುರ, ನನಗೂ ಹಗುರ ಎಂದನಂತೆ ಹಾಬ್ಸ್. ಕೊಟ್ಟಿದ್ದು ತನ್ನ ಸಂಕಟ ಕಳೆಯೋಕೆ, ಅಂದಮೇಲೆ ಸ್ವಾರ್ಥ. ವಾದ ಮುಗಿಯಿತು.

ಹಾಗೆ ಸುಲಭಕ್ಕೆ ಮುಗಿಯುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಈ ವಾದವನ್ನೇ ಪ್ರಯೋಗಕ್ಕೆ ಒಡ್ಡಿದರು. ಸಂಕಟ ಕಳೆಯುವುದೇ ಗುರಿಯಾದರೆ ಅದಕ್ಕೆ ಎರಡು ದಾರಿ ಇವೆ: ಸಹಾಯ ಮಾಡೋದು, ಇಲ್ಲಾ ಎದ್ದು ಹೋಗೋದು. ಎದ್ದು ಹೋಗೋದು ಸುಲಭವಾಗಿದ್ದರೆ ಸ್ವಾರ್ಥಿ ಅದನ್ನೇ ಮಾಡಬೇಕು ಅಲ್ವಾ? 1981ರ ಪ್ರಯೋಗದಲ್ಲಿ ವಿದ್ಯಾರ್ಥಿನಿಯರು ಇನ್ನೊಬ್ಬ ಯುವತಿ ಕರೆಂಟ್ ಶಾಕ್ ತಿನ್ನುವುದನ್ನು ನೋಡಬೇಕಿತ್ತು. ಆಕೆ ನಟಿಸುತ್ತಿದ್ದಳು, ನೋಡುವವರಿಗೆ ಅದು ಗೊತ್ತಿರಲಿಲ್ಲ. ಆಕೆಯ ಜಾಗದಲ್ಲಿ ನೀವು ಕೂರುತ್ತೀರಾ ಎಂದು ಕೇಳಲಾಯಿತು. ಒಪ್ಪದಿದ್ದರೂ ಎದ್ದು ಹೋಗಬಹುದು ಎಂದಾಗ, ಆಕೆ ತಮಗಿಂತ ಬೇರೆ ಥರದವಳು ಎಂದು ತಿಳಿದಿದ್ದವರಲ್ಲಿ ಶೇ 18 ಜನ ಮಾತ್ರ ಒಪ್ಪಿದರು. ಆಕೆಯೂ ತಮ್ಮಂಥವಳೇ ಎಂದು ತಿಳಿದಿದ್ದವರಲ್ಲಿ ಶೇ 91 ಜನ ಒಪ್ಪಿದರು. ಬಾಗಿಲು ತೆರೆದೇ ಇತ್ತು, ಅವರು ಹೋಗಲಿಲ್ಲ. ಭಾಗವಹಿಸಿದವರು ನಾಲ್ಕು ಗುಂಪು ಸೇರಿ 44 ಜನ ಅಷ್ಟೇ. ಹಾಗಾಗಿ ಅಂಕಿಗಳನ್ನು ಬಿಗಿಯಾಗಿ ಹಿಡಿಯುವುದು ಬೇಡ. ಆದರೆ ಬ್ಯಾಟ್ಸನ್ ಮುಂದೆಯೂ ಇಂಥವನ್ನು ಹಲವು ರೀತಿಯಲ್ಲಿ ಮಾಡಿದರು. ‘ಎಲ್ಲವೂ ಸ್ವಾರ್ಥವೇ’ ಎಂಬ ಮಾತಿಗೆ ಅಲ್ಲಿಂದಾಚೆ ಸಾಕಷ್ಟು ಇಕ್ಕಟ್ಟಾಗಿದೆ.

ನನಗನ್ನಿಸುವಂತೆ ಆ ಮಾತಿನ ದೊಡ್ಡ ತೊಂದರೆ ಬೇರೆಯೇ ಇದೆ. ಇನ್ನೊಬ್ಬರು ಚೆನ್ನಾಗಿದ್ದರೆ ನನಗೆ ಖುಷಿಯಾಗುತ್ತದೆ. ಅದನ್ನೂ ಸ್ವಾರ್ಥ ಅನ್ನಬಹುದು. ಅನ್ನಿ. ಆದರೆ ಆಗ ಇನ್ನೊಬ್ಬರ ಖುಷಿಯಿಂದ ಖುಷಿಪಡುವವನಿಗೂ ಇನ್ನೊಬ್ಬರ ಜೇಬಿನಿಂದ ಖುಷಿಪಡುವವನಿಗೂ ಬೇರೆ ಬೇರೆ ಪದ ಹುಡುಕಬೇಕಾಗುತ್ತದೆ. ಪದ ಬದಲಾಯಿತು, ವ್ಯತ್ಯಾಸ ಇದ್ದಲ್ಲೇ ಇದೆ.

ತ್ಯಾಗವೂ ಕೊನೆಗೆ ವಂಶವಾಹಿಯ ಸ್ವಾರ್ಥವೇ ಎಂದು ಜೀವವಿಕಾಸದ ಹೆಸರಿನಲ್ಲಿ ಬರುವ ವಾದದಲ್ಲೂ ಇದೇ ಗೊಂದಲ. 1964ರಲ್ಲಿ ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್, ರಕ್ತಸಂಬಂಧಿಗೆ ಮಾಡುವ ತ್ಯಾಗ ಹೇಗೆ ಪೀಳಿಗೆಯಿಂದ ಪೀಳಿಗೆಗೆ ಉಳಿದುಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. 1971ರಲ್ಲಿ ರಾಬರ್ಟ್ ಟ್ರಿವರ್ಸ್, ಸಂಬಂಧವಿಲ್ಲದವರ ನಡುವಿನ ಕೊಡು-ಕೊಳ್ಳುವಿಕೆಗೂ ಅಂಥದ್ದೇ ವಿವರಣೆ ಕೊಟ್ಟರು. ಎರಡೂ ಗಟ್ಟಿ ಕೆಲಸಗಳೇ. ಆದರೆ ಅವು ಹೇಳುವುದು ಆ ಗುಣ ಯಾಕೆ ಉಳಿಯಿತು ಅಂತ. ರಾತ್ರಿಯೆಲ್ಲ ಎದ್ದು ಮಗುವಿನ ಜ್ವರ ನೋಡುವ ತಾಯಿ ವಂಶವಾಹಿಯ ಲೆಕ್ಕ ಹಾಕುತ್ತಿಲ್ಲ. ಅವಳ ತಲೆಯಲ್ಲಿರುವುದು ಮಗು.

ಇಲ್ಲಿಯವರೆಗೆ ಓದಿ, ಮನುಷ್ಯ ಒಳ್ಳೆಯವನು ಎಂದು ತೀರ್ಪು ಕೊಡಲು ಹೊರಟಿದ್ದಾರೆ ಅಂದುಕೊಂಡಿದ್ದರೆ ಸ್ವಲ್ಪ ತಾಳಿ. ಬೇರೆ ಥರದ ಪ್ರಯೋಗಗಳೂ ಇವೆ.

‘ಡಿಕ್ಟೇಟರ್ ಗೇಮ್’ ಎಂಬ ಆಟ ತುಂಬಾ ಸರಳ. ನಿಮಗೆ ಒಂದಿಷ್ಟು ದುಡ್ಡು ಕೊಡುತ್ತಾರೆ. ಮುಖ ನೋಡದ ಇನ್ನೊಬ್ಬರಿಗೆ ಬೇಕಾದಷ್ಟು ಕೊಡಬಹುದು, ಏನೂ ಕೊಡದೆಯೂ ಇರಬಹುದು. ಅವರು ಏನೂ ಮಾಡುವ ಹಾಗಿಲ್ಲ. ನೂರಕ್ಕೂ ಹೆಚ್ಚು ಇಂಥ ಪ್ರಯೋಗಗಳನ್ನು ಒಟ್ಟು ಸೇರಿಸಿ 2011ರಲ್ಲಿ ಕ್ರಿಸ್ಟೋಫ್ ಎಂಗೆಲ್ ಲೆಕ್ಕ ಹಾಕಿದರು. ಜನ ಸರಾಸರಿ ಶೇ 28ರಷ್ಟು ಕೊಡುತ್ತಾರೆ. ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನ ಏನೂ ಕೊಡುವುದಿಲ್ಲ. ಪರವಾಗಿಲ್ಲ ಅನ್ನಿಸುವ ಅಂಕಿ. ಆದರೆ 2007ರಲ್ಲಿ ಜಾನ್ ಲಿಸ್ಟ್ ಈ ಆಟಕ್ಕೆ ಒಂದೇ ಒಂದು ಬದಲಾವಣೆ ಮಾಡಿದ್ದರು. ಕೊಡಬಹುದು, ಬೇಕಿದ್ದರೆ ಎದುರಿನವರಿಂದ ಒಂದು ಡಾಲರ್ ಕಿತ್ತುಕೊಳ್ಳಲೂಬಹುದು. ಕೊಡುವವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ದುಡ್ಡು, ಅದೇ ಥರದ ಜನ. ಮೊದಲು, ಏನೂ ಕೊಡದವನು ಜಿಪುಣ ಅನ್ನಿಸಿಕೊಳ್ಳುತ್ತಿದ್ದ. ಈಗ ಕಿತ್ತುಕೊಳ್ಳದಿದ್ದರೆ ಸಾಕು, ಅವನೇ ಸಜ್ಜನ. ಹಾಗಾದರೆ ಮೊದಲು ಕೊಡುತ್ತಿದ್ದವರಲ್ಲಿ ಎಷ್ಟೋ ಜನ ಕೊಡಬೇಕು ಅಂತ ಕೊಟ್ಟದ್ದಲ್ಲ, ಕೆಟ್ಟವರು ಅನ್ನಿಸಿಕೊಳ್ಳಬಾರದು ಅಂತ ಕೊಟ್ಟದ್ದು.

ಅದೇ ವರ್ಷ ಜೇಸನ್ ಡಾನಾ ಮತ್ತು ಜೊತೆಗಾರರ ಪ್ರಯೋಗ ಇನ್ನೂ ಚುರುಕಾಗಿದೆ. ಎರಡು ಆಯ್ಕೆ: ನನಗೆ 6, ಅವರಿಗೆ 1, ಇಲ್ಲವೇ ಇಬ್ಬರಿಗೂ 5. ಶೇ 74 ಜನ ಎರಡನೆಯದನ್ನು ಆರಿಸಿದರು. ಆಮೇಲೆ ಬೇರೆ ಗುಂಪಿಗೆ ಎದುರಿನವರ ಪಾಲನ್ನು ಮುಚ್ಚಿಟ್ಟರು. ನಾನು 6 ತೆಗೆದುಕೊಂಡರೆ ಅವರಿಗೆ 1 ಸಿಗಬಹುದು, 5 ಕೂಡ ಸಿಗಬಹುದು. ಒಂದು ಬಟನ್ ಒತ್ತಿದರೆ ಯಾವುದು ಅಂತ ತಿಳಿಯುತ್ತದೆ. ಪೈಸೆ ಖರ್ಚಿಲ್ಲ. ಶೇ 44 ಜನ ಆ ಬಟನ್ ಒತ್ತಲೇ ಇಲ್ಲ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಅಂತೀವಲ್ಲ, ಅದೇ. ಆದರೆ ಗಾದೆಯ ಬೆಕ್ಕು ಕಣ್ಣು ಮುಚ್ಚುವುದು ಯಾರೂ ನೋಡುತ್ತಿಲ್ಲ ಅಂದುಕೊಂಡು. ಇಲ್ಲಿ ಮನುಷ್ಯ ಕಣ್ಣು ಮುಚ್ಚುವುದು ತಾನೇ ನೋಡಬಾರದು ಅಂತ. ಇದನ್ನು ಓದಿ ಮನುಷ್ಯ ಬರೀ ವೇಷಧಾರಿ ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎದುರಿನವರ ಪಾಡು ಏನಾದರೇನು ಅನ್ನುವವನಿಗೆ ಕಣ್ಣು ಮುಚ್ಚಿಕೊಳ್ಳುವ ಕಷ್ಟವೇ ಬೇಡ. ನೋಡಿದರೆ ಕೊಡಬೇಕಾಗುತ್ತದೆ ಎಂದು ಗೊತ್ತಿರುವವನೇ ನೋಡದೆ ಇರುವುದು.

ಒಬ್ಬನೇ ಮನುಷ್ಯನೊಳಗೆ ಇವೆರಡೂ ಇವೆ ಎಂದಮೇಲೆ, ಯಾವುದು ಯಾವಾಗ ಮೇಲೆ ಬರುತ್ತದೆ ಎಂಬುದೇ ಮುಖ್ಯ. ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿರುವುದು ಗುಂಪಿನ ಆಟ. ನಾಲ್ಕು ಜನ, ತಲೆಗೆ 20 ಟೋಕನ್. ಎಷ್ಟು ಬೇಕಾದರೂ ಸಾಮಾನ್ಯ ಹುಂಡಿಗೆ ಹಾಕಬಹುದು. ಹುಂಡಿಗೆ ಬಿದ್ದ ಒಂದೊಂದು ಟೋಕನ್ನಿಗೂ ನಾಲ್ವರಿಗೂ ತಲಾ 0.4 ಸಿಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ಎಲ್ಲರಿಗೂ 32. ಆದರೆ ನಾನೊಬ್ಬ ಹಾಕದೆ ಉಳಿದವರೆಲ್ಲ ಹಾಕಿದರೆ ನನಗೆ 44. ಲೆಕ್ಕ ಗೊತ್ತಿದ್ದವನು ಏನೂ ಹಾಕಬಾರದು. ನಿಜವಾಗಿ ಆಗುವುದು ಬೇರೆ: ಜನ ಮೊದಲ ಸುತ್ತಿನಲ್ಲಿ ಸುಮಾರು ಅರ್ಧದಷ್ಟು ಹಾಕುತ್ತಾರೆ. ಹತ್ತನೇ ಸುತ್ತಿನ ಹೊತ್ತಿಗೆ ಹುಂಡಿ ಬಹುಪಾಲು ಬರಿದು.

ಹತ್ತು ಸುತ್ತಿನಲ್ಲಿ ಜನ ಕೆಟ್ಟುಹೋದರಾ? 2001ರಲ್ಲಿ ಉರ್ಸ್ ಫಿಶ್‌ಬಾಕರ್, ಸೈಮನ್ ಗೆಕ್ಟರ್, ಅರ್ನ್‌ಸ್ಟ್ ಫೆರ್ ಸೇರಿ, ಉಳಿದವರು ಇಷ್ಟು ಹಾಕಿದರೆ ನೀವೆಷ್ಟು ಹಾಕುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ಸುಮಾರು ಅರ್ಧ ಜನ, ಅವರು ಹಾಕಿದರೆ ನಾನೂ ಹಾಕುತ್ತೇನೆ ಎನ್ನುವವರು. ಶೇ 30ರಷ್ಟು ಜನ ಯಾರು ಏನೇ ಹಾಕಲಿ ತಾವು ಕೈ ಬಿಚ್ಚದ ಪುಕ್ಕಟೆ ಗಿರಾಕಿಗಳು. ಹುಂಡಿ ಖಾಲಿಯಾಗುವ ಗುಟ್ಟು ಇಲ್ಲಿದೆ. ಮೊದಲ ಗುಂಪಿನವರು ಪಕ್ಕದವರನ್ನು ನೋಡಿ ಸ್ವಲ್ಪ ಕಡಿಮೆ ಮಾಡುತ್ತಾರೆ. ಅವರನ್ನು ನೋಡಿ ಇನ್ನೊಬ್ಬರು ಇನ್ನೂ ಸ್ವಲ್ಪ. ಇವರಲ್ಲಿ ಯಾರೂ ದುರಾಸೆಗೆ ಬಿದ್ದಿರುವುದಿಲ್ಲ. ಎಲ್ಲರಿಗೂ ಇರುವುದು ಒಂದೇ ಹೆದರಿಕೆ: ನಾನೊಬ್ಬನೇ ಪೆದ್ದನಾಗಬಾರದು.

ಈ ಪ್ರಯೋಗಾಲಯ ನಮಗೆ ಹೊಸದೇನಲ್ಲ. ಗುಂಪಿನಲ್ಲಿ ಯಾರಿಗೋ ಉಡುಗೊರೆಗೆ ದುಡ್ಡು ಕೂಡಿಸುವಾಗ ಮೊದಲು ನೋಡುವುದೇ ಬೇರೆಯವರು ಎಷ್ಟು ಹಾಕಿದ್ದಾರೆ ಅಂತ. ತೆರಿಗೆ, ನೀರು ಉಳಿತಾಯ, ಸರದಿ ಸಾಲು, ಎಲ್ಲ ಕಡೆಯೂ ಇದೇ. ನನ್ನ ನಡತೆಯ ದೊಡ್ಡ ಪಾಲು ನಿಂತಿರುವುದು ನಿಮ್ಮ ಬಗ್ಗೆ ನನಗಿರುವ ಅಂದಾಜಿನ ಮೇಲೆ.

ಆ ಅಂದಾಜನ್ನು ಬದಲಿಸುವುದು ಎಷ್ಟು ಸುಲಭ ಗೊತ್ತಾ? 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಆಟಕ್ಕೆ ಎರಡು ಹೆಸರು ಇಟ್ಟರು. ಕೆಲವರಿಗೆ ಅದು ಅಮೆರಿಕದ ಷೇರುಪೇಟೆಯ ಬೀದಿಯ ಹೆಸರಿನ ‘ವಾಲ್ ಸ್ಟ್ರೀಟ್ ಆಟ’, ಇನ್ನು ಕೆಲವರಿಗೆ ‘ಸಮುದಾಯದ ಆಟ’. ನಿಯಮ ಒಂದೇ, ಹಣ ಒಂದೇ. ವಾಲ್ ಸ್ಟ್ರೀಟ್ ಎಂದು ಕೇಳಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಸಹಕರಿಸಿದರು. ಸಮುದಾಯ ಎಂದು ಕೇಳಿಸಿಕೊಂಡವರಲ್ಲಿ ಸುಮಾರು ಮೂರನೇ ಎರಡು ಭಾಗ. ಯಾರು ಸಹಕರಿಸುತ್ತಾರೆ, ಯಾರು ಇಲ್ಲ ಎಂದು ಅವರನ್ನು ಹತ್ತಿರದಿಂದ ಬಲ್ಲವರೂ ಮೊದಲೇ ಊಹಿಸಿದ್ದರು. ಆ ಊಹೆ ಕೆಲಸಕ್ಕೆ ಬರಲಿಲ್ಲ. ಹೆಸರು ಬಂತು.

ಸಮಸ್ಯೆ ಏನೆಂದರೆ ನಮ್ಮ ಅಂದಾಜು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. 1998ರಲ್ಲಿ ಡೇಲ್ ಮಿಲ್ಲರ್ ಮತ್ತು ರೆಬೆಕಾ ರ‍್ಯಾಟ್ನರ್ ವಿದ್ಯಾರ್ಥಿಗಳನ್ನು ರಕ್ತದಾನದ ಬಗ್ಗೆ ಕೇಳಿದರು. ಏನೂ ಕೊಡದಿದ್ದರೂ ಶೇ 63 ಜನ ಒಪ್ಪಿದರು. 15 ಡಾಲರ್ ಕೊಡುತ್ತೇವೆ ಎಂದಾಗ ಶೇ 73. ಅಂದರೆ ದುಡ್ಡಿನಿಂದ ಹೆಚ್ಚಿದ್ದು ಬರೀ ಹತ್ತು. ಬೇರೆಯವರು ಏನು ಮಾಡಬಹುದು ಎಂದು ಅದೇ ವಿದ್ಯಾರ್ಥಿಗಳನ್ನು ಕೇಳಿದಾಗ ಬಂದ ಉತ್ತರ: ಬಿಟ್ಟಿಯಾದರೆ ಶೇ 33, ದುಡ್ಡು ಕೊಟ್ಟರೆ ಶೇ 62. ‘ತಾನು ಕಳ್ಳ, ಪರರ ನಂಬ’ ಎಂಬ ಗಾದೆ ಇದೆ. ಇಲ್ಲಿ ನೋಡಿದರೆ ಕಳ್ಳನಲ್ಲದವನೂ ಪರರ ನಂಬ. ನಾನು ಮನಸ್ಸಿನಿಂದ ಮಾಡುತ್ತೇನೆ, ಉಳಿದವರು ದುಡ್ಡಿಗೆ ಮಾಡುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುವ ಊರಿನಲ್ಲಿ ನಾವಿದ್ದೇವೆ.

ಇದು ಬರೀ ಮನಸ್ಸಿನ ತಪ್ಪು ಲೆಕ್ಕವಾಗಿ ಉಳಿದಿದ್ದರೆ ಸುಮ್ಮನಿರಬಹುದಿತ್ತು. ಆದರೆ ನಿಯಮ ಮಾಡುವವರ ತಲೆಯಲ್ಲೂ ಇದೇ ಅಂದಾಜು ಇರುತ್ತದೆ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುತ್ತಿದ್ದರು. ಯೂರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಅವುಗಳ ಪೈಕಿ ಆರು ಶಿಶುವಿಹಾರಗಳಲ್ಲಿ ದಂಡ ಹಾಕಿಸಿ ನೋಡಿದರು. ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್. ತಡವಾಗಿ ಬರುವವರು ಸುಮಾರು ಎರಡು ಪಟ್ಟಾದರು. ಮೊದಲು, ತಡವಾದರೆ ಟೀಚರ್ ಕಾಯುತ್ತಿರುತ್ತಾರಲ್ಲ ಎಂಬ ನಾಚಿಕೆ ಇತ್ತು. ದಂಡ ಬಂದಮೇಲೆ ಅದು ಶುಲ್ಕವಾಯಿತು. ಕೊಟ್ಟರಾಯಿತು, ಇನ್ನು ನಾಚಿಕೆ ಯಾಕೆ? ಕೊನೆಗೆ ದಂಡ ತೆಗೆದರು. ನಾಚಿಕೆ ವಾಪಸ್ ಬರಲಿಲ್ಲ. ಆ ಅಧ್ಯಯನ ಮುಗಿಯುವವರೆಗೂ ಜನ ತಡವಾಗಿಯೇ ಬರುತ್ತಿದ್ದರು.

ಇದನ್ನೇ ಹಿಡಿದುಕೊಂಡು ದುಡ್ಡು ಎಲ್ಲ ಕಡೆಯೂ ಒಳ್ಳೆಯತನವನ್ನು ಕೆಡಿಸುತ್ತದೆ ಅನ್ನುವವರೂ ಇದ್ದಾರೆ. ಅದೂ ಪೂರ್ತಿ ನಿಜವಲ್ಲ. 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಹಣ ಕೊಡುತ್ತೇವೆ ಎಂದಾಗ ರಕ್ತ ಕೊಡಲು ಮುಂದೆ ಬಂದ ಮಹಿಳೆಯರು ಶೇ 52ರಿಂದ 30ಕ್ಕೆ ಇಳಿದರು. ಬೇಕಿದ್ದರೆ ಆ ಹಣವನ್ನು ದತ್ತಿಗೆ ಕೊಡಬಹುದು ಎಂದಾಗ ಮತ್ತೆ ಶೇ 53. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಡೆ, ನಿಜವಾದ ರಕ್ತದಾನ ಶಿಬಿರಗಳಲ್ಲಿ ಟೀ ಶರ್ಟು, ಗಿಫ್ಟ್ ಕಾರ್ಡುಗಳಂಥ ಸಣ್ಣ ಉಡುಗೊರೆ ಕೊಟ್ಟಾಗ ಬರುವವರ ಸಂಖ್ಯೆ ಬಹುತೇಕ ಕಡೆ ಹೆಚ್ಚಿದೆ. 2013ರಲ್ಲಿ ‘ಸೈನ್ಸ್’ನಲ್ಲಿ ಬಂದ ಲೇಖನವೊಂದು ಅಂಥ ಪುರಾವೆಗಳನ್ನೆಲ್ಲ ಒಟ್ಟುಗೂಡಿಸಿದೆ. ಥ್ಯಾಂಕ್ಸ್ ಹೇಳಿದ ಹಾಗೆ ಕೊಡುವುದಕ್ಕೂ ನೀನು ದುಡ್ಡಿಗೇ ಬರುವವನು ಅಂತ ಹೇಳಿದ ಹಾಗೆ ಕೊಡುವುದಕ್ಕೂ ಜನರಿಗೆ ವ್ಯತ್ಯಾಸ ತಿಳಿಯುತ್ತದೆ ಎಂದು ನನ್ನ ಊಹೆ.

ಶಿಕ್ಷೆಯದ್ದೂ ಇದೇ ಕಥೆ. ಆ ಹುಂಡಿಯ ಆಟದಲ್ಲಿ ಪುಕ್ಕಟೆ ಗಿರಾಕಿಗೆ ದಂಡ ಹಾಕಲು ಬಿಟ್ಟರೆ, ಜನ ತಮ್ಮ ಕೈಯಿಂದ ಖರ್ಚು ಮಾಡಿಯಾದರೂ ಹಾಕುತ್ತಾರೆ. ಹುಂಡಿ ಮತ್ತೆ ತುಂಬುತ್ತದೆ. ಫೆರ್ ಮತ್ತು ಗೆಕ್ಟರ್ ಇದನ್ನು 2000 ಮತ್ತು 2002ರಲ್ಲಿ ತೋರಿಸಿದಾಗ, ಸಹಕಾರದ ಸಮಸ್ಯೆಗೆ ಮದ್ದೇ ಸಿಕ್ಕಿತು ಅನ್ನುವ ಸಡಗರ ಇತ್ತು. 2008ರಲ್ಲಿ ಅದೇ ಆಟವನ್ನು 16 ನಗರಗಳಲ್ಲಿ ಆಡಿಸಿದರು. ಬಾಸ್ಟನ್, ಮೆಲ್ಬರ್ನ್‌ಗಳಲ್ಲಿ ದಂಡ ಬಿದ್ದದ್ದು ಬಹುಮಟ್ಟಿಗೆ ಹಾಕದವರಿಗೆ. ಅಥೆನ್ಸ್, ಮಸ್ಕತ್‌ಗಳಲ್ಲಿ ಜಾಸ್ತಿ ಹಾಕಿದವರಿಗೂ ಬಿತ್ತು! ಬಹುಶಃ ಹಿಂದಿನ ಸುತ್ತಿನ ಸೇಡು, ಇಲ್ಲವೇ ‘ಇವನೊಬ್ಬ ದೊಡ್ಡ ಸಾಚಾ’ ಅನ್ನುವ ಸಿಟ್ಟು.

ಹಾಗಾದರೆ ಇವನ್ನೆಲ್ಲ ತಿಳಿದುಕೊಂಡು ಮಾಡಿದ ನಿಯಮ ಹೇಗಿರುತ್ತದೆ? 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್, ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗುವುದು ಖಚಿತ, ಯಾಕೆಂದರೆ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಅಟ್ಟುತ್ತಲೇ ಹೋಗುತ್ತಾನೆ ಎಂದು ವಾದಿಸಿದ್ದರು. ಎಲಿನಾರ್ ಆಸ್ಟ್ರಮ್ ವಾದಕ್ಕೆ ವಾದ ಹೂಡಲಿಲ್ಲ, ಇರುವ ಹುಲ್ಲುಗಾವಲುಗಳನ್ನು ಹುಡುಕಿಕೊಂಡು ಹೋದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಇವರೇ. ಅವರು ಕೊಟ್ಟ ಉದಾಹರಣೆಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯೂ ಒಂದು. ಅಲ್ಲಿ 1517ರಲ್ಲೇ ಬರೆದಿಟ್ಟ ನಿಯಮವಿದೆ: ಚಳಿಗಾಲದಲ್ಲಿ ಮನೆಯಲ್ಲಿ ಕಟ್ಟಿ ಸಾಕಲು ಆಗುವಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬಿಡಬಹುದು. ಯಾರ ಮನೆಯಲ್ಲಿ ಎಷ್ಟು ಹುಲ್ಲಿದೆ, ಎಷ್ಟು ಹಸುಗಳಿವೆ ಎಂದು ಎಲ್ಲರಿಗೂ ಕಾಣುತ್ತದೆ. ಪಕ್ಕದವನ ಬಗ್ಗೆ ಅಂದಾಜು ಮಾಡುವ ಕೆಲಸವೇ ಇಲ್ಲ. ಮೀರಿದವರಿಗೆ ದಂಡ ಹಾಕಲು ಊರಿನ ಒಬ್ಬ ಅಧಿಕಾರಿ ಇದ್ದ. ಅವನೂ ಮನುಷ್ಯನೇ ಎಂಬುದನ್ನು ಆ ಊರಿನವರು ಮರೆತಿರಲಿಲ್ಲ. ವಸೂಲಾದ ದಂಡದಲ್ಲಿ ಅರ್ಧ ಅವನಿಗೇ.